ಪುಕ್ಕಟೆ ಗಾಳಿ

ಬೆಳಗಾವಿಯ ಹವೆಯನ್ನು ಹೊಗಳದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಎಲ್ಲೆಲ್ಲಿಂದಲೋ ಕ್ಯಾಂಪಿಗೆ ಬಂದ ಫೌಜಿನವರು ರಿಟೈರಾಗುವ ಹೊತ್ತಿಗೆ ಇಲ್ಲೇ ಒಂದು ಪ್ಲಾಟು ನೋಡಿಟ್ಟಿರುತ್ತಾರೆ. ರಾಯಚೂರಿನ ಕಡೆಯ ಬೀಗರು ಏಪ್ರಿಲ್‌ನಲ್ಲಿ ಬಂದರೆ ಮಳೆ ಹಿಡಿಯುವ ತನಕ ಹೊರಡುವ ಮಾತೆತ್ತುವುದಿಲ್ಲ. ಇಂಥ ಊರಿನ ಗಾಳಿಯಲ್ಲೂ ತೂಕದ ಮೋಸವಿದೆ ಎಂದು ಪತ್ತೆ ಹಚ್ಚಿದವರು ನಮ್ಮ ಭಾವ, ಎಂದರೆ ಖಾನಾಪುರದ ಸೋದರಮಾವನ ಹಿರಿಮಗ.

ಅವರ ಲೆಕ್ಕದಲ್ಲಿ ತಪ್ಪೇನಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಅಷ್ಟು ಎತ್ತರಕ್ಕೆ ಗಾಳಿಯ ಒತ್ತಡ ಕರಾವಳಿಗಿಂತ ಶೇ. 8-9ರಷ್ಟು ಕಡಿಮೆ. ನಮಗೆ ಅದು ತಂಪು, ಹಿತ, ಆರೋಗ್ಯ. ಎಂಜಿನ್‌ಗೆ ಮಾತ್ರ ಅರೆಹೊಟ್ಟೆ. ಸಿಲಿಂಡರು ಎಳೆದುಕೊಳ್ಳುವ ಗಾಳಿಯ ಗಾತ್ರ ಎಲ್ಲಿಯೂ ಅಷ್ಟೇ. ಇಲ್ಲಿ ಆ ಗಾತ್ರದೊಳಗೆ ಆಮ್ಲಜನಕ ಕಡಿಮೆ, ಅದಕ್ಕೆ ತಕ್ಕಂತೆ ಸುಡುವ ಪೆಟ್ರೋಲೂ ಕಡಿಮೆ.

ಈ ಸಂಶೋಧನೆಗೆ ಕಾರಣವಾದದ್ದು ಒಂದು ಸ್ಯಾನ್ ಸ್ಟಾರ್ಮ್. ಈಗಿನ ಹುಡುಗರಿಗೆ ಹೆಸರು ಗೊತ್ತಿರಲಿಕ್ಕಿಲ್ಲ. 1998ರಲ್ಲಿ ಬಂದ, ನಮ್ಮ ಮಗ್ಗುಲಿನ ಗೋವಾದಲ್ಲೇ ತಯಾರಾಗುತ್ತಿದ್ದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅದು. ಫೈಬರ್ ಮೈ, ಬಿಚ್ಚಿ ಮಡಚುವ ಛಾವಣಿ. ಅಂಬಾಸಿಡರ್ ಮತ್ತು ಮಾರುತಿ 800 ನೋಡಿ ದಣಿದ ಕಣ್ಣಿಗೆ ಅದು ಸಿನಿಮಾದಿಂದ ಇಳಿದು ಬಂದ ಹಾಗೆ ಕಂಡಿತ್ತು. ಮೂತಿ ನೋಡಿದರೆ ನಿಂತಲ್ಲೇ ನೂರೈವತ್ತು ಕಿಲೋಮೀಟರ್ ವೇಗ. ಬಾನೆಟ್ ಎತ್ತಿದರೆ ಒಳಗೆ ರೆನೋದ 1149 ಸಿಸಿ ಎಂಜಿನ್, 60 ಕುದುರೆಗಳ ಶಕ್ತಿ. ಮಡಗಾಂವದ ಕಡೆ ಯಾರದೋ ತೆಂಗಿನ ತೋಟದಲ್ಲಿ ಗರಿ ಹೊದ್ದು ಮಲಗಿದ್ದ ಇಂಥದೊಂದನ್ನು ಭಾವ ಕೊಂಡು ತಂದರು. ಗೋವಾ ವೇಸ್‌ನಲ್ಲಿ ನಿಲ್ಲಿಸಿದರೆ ಜನ ಸುತ್ತ ನೆರೆದು ಫೋಟೋ ತೆಗೆದುಕೊಳ್ಳುತ್ತಾರೆ. ಜಾಂಬೋಟಿ ರಸ್ತೆಗೆ ಹತ್ತಿಸಿದರೆ ಹಾಲಿನ ಟೆಂಪೊ ಹಾರ್ನ್ ಹೊಡೆದು ಮುಂದೆ ಹೋಗುತ್ತದೆ.

ಭಾವ ಕಾಗದದ ಮೇಲೆ ಲೆಕ್ಕ ಹಾಕಿದರು. 60ರಲ್ಲಿ ಶೇ. 8-9 ಎಂದರೆ ಐದು. ಗೋವಾದಲ್ಲಿ ಹುಟ್ಟಿದ ಅರವತ್ತು ಕುದುರೆಗಳಲ್ಲಿ ಐದು ಚೋರ್ಲಾ ಘಾಟ್ ಹತ್ತುವಾಗ ತಪ್ಪಿಸಿಕೊಂಡಿವೆ. "ನಾ ಹೆಚ್ಚಿಗಿ ಏನೂ ಕೇಳಾಕತ್ತಿಲ್ಲ," ಎಂದರು, "ನಮ್ಮ ಕುದುರಿ ನಮಗ ಬರಲಿ." ಟರ್ಬೊ ಎಂಬ ಮಾತು ಮನೆಯಲ್ಲಿ ಮೊದಲ ಸಲ ಕೇಳಿದ್ದು ಆವತ್ತು.

ಗುಡ್ಡ ಹತ್ತಿದರೆ ಎಂಜಿನ್ ಸೊರಗುತ್ತದೆ ಎಂಬ ಚಿಂತೆ ಭಾವನವರ ಸ್ವಂತದ್ದೇನಲ್ಲ. ಹೊರಬೀಳುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಕೂತ ಇನ್ನೊಂದು ಚಕ್ರದಿಂದ ಎಂಜಿನ್‌ಗೆ ಗಾಳಿ ತುರುಕಬಹುದೆಂದು ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬಾತ ಲಿಬರ್ಟಿ ವಿಮಾನ ಎಂಜಿನ್ನೊಂದನ್ನು ಪೈಕ್ಸ್ ಪೀಕ್ ಪರ್ವತದ ನೆತ್ತಿಗೆ, 14,000 ಅಡಿಗೂ ಮೇಲಕ್ಕೆ, ಟ್ರಕ್ಕಿನಲ್ಲಿ ಹೊತ್ತೊಯ್ದ. ಅಲ್ಲಿ ಏದುಸಿರು ಬಿಡುತ್ತಿದ್ದ ಎಂಜಿನ್ನು ಟರ್ಬೊ ಕೂಡಿಸಿದ ಮೇಲೆ ಸಮುದ್ರಮಟ್ಟದ ಬಲವನ್ನೇ ತೋರಿಸಿತು. ಮಾಸ್‌ಗೆ ಪರ್ವತ ಹುಡುಕಿಕೊಂಡು ಹೋಗಬೇಕಾಯಿತು, ನಾವು ಪರ್ವತದ ಮೇಲೇ ಹುಟ್ಟಿದ್ದೇವೆ ಎಂದು ಭಾವ ಹಿಗ್ಗುತ್ತಾರೆ. 750 ಮೀಟರನ್ನು ಪರ್ವತ ಎನ್ನಬಹುದೋ ಇಲ್ಲವೋ ಎಂದು ನಾನು ಕೇಳಲಿಲ್ಲ.

ನಿಜ ಹೇಳಬೇಕೆಂದರೆ ಖಾನಾಪುರ ತಾಲೂಕಿನವರಿಗೆ ಟರ್ಬೊ ಹಳೆಯ ಪರಿಚಯ. ಲೋಂಡಾ ಜಂಕ್ಷನ್ನಿನ ಆಸುಪಾಸು ಬೆಳೆದವರು ಆಲ್ಕೊ ಡೀಸೆಲ್ ರೈಲು ಎಂಜಿನ್ನುಗಳನ್ನು ಮರೆತಿರುವುದಿಲ್ಲ. ಹದಿನಾರು ಸಿಲಿಂಡರು, 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ-2 ಗಾಡಿ ಎಳೆಯಲು ಹೊರಟರೆ ಮೊದಲು ಆಕಾಶಕ್ಕೆ ಕರಿಹೊಗೆ ಏಳುತ್ತಿತ್ತು, ಆಮೇಲೆ ಸಿಳ್ಳೆಯಂಥ ಒಂದು ದನಿ ಏರುತ್ತ ಹೋಗುತ್ತಿತ್ತು. ಆ ಸಿಳ್ಳೆ ಟರ್ಬೊದ್ದು. ಹೊಗೆಗೂ ಕಾರಣ ಅದೇ. ಡ್ರೈವರ್ ಹಿಡಿಕೆ ಎಳೆದ ಕೂಡಲೇ ಡೀಸೆಲ್ ಬಂದು ಬೀಳುತ್ತದೆ, ಟರ್ಬೊ ಮಾತ್ರ ವೇಗ ಹಿಡಿದು ಗಾಳಿ ತರುವಷ್ಟರಲ್ಲಿ ತುಸು ಹೊತ್ತಾಗುತ್ತದೆ. ಅಷ್ಟರ ತನಕ ಅರ್ಧಂಬರ್ಧ ಸುಟ್ಟದ್ದೆಲ್ಲ ಚಿಮಣಿಯಿಂದ ಹೊರಗೆ. ಕಾರಿನವರು ಇದನ್ನು ಲ್ಯಾಗ್ ಎನ್ನುತ್ತಾರೆ. ನಮ್ಮೂರಿನ ಮದುವೆಗಳಲ್ಲಿ ಮುಹೂರ್ತಕ್ಕೂ ಊಟಕ್ಕೂ ನಡುವೆ ಇರುವುದು ಇದೇ.

ಭಾವನವರ ತಲೆಗೆ ಟರ್ಬೊ ಹತ್ತಲು ಎತ್ತರಕ್ಕಿಂತ ದೊಡ್ಡ ಕಾರಣ ಮನೆತನ. ಮಾವನದು ಇಟ್ಟಿಗೆ ಭಟ್ಟಿ. ಖಾನಾಪುರದ ಮಣ್ಣೇ ಹಾಗೆ, ಹೆಂಚು, ಇಟ್ಟಿಗೆ, ಗಡಿಗೆಗಳಿಗೆ ಹೆಸರಾದದ್ದು. ಆ ಮನೆಯಲ್ಲಿ ಏನನ್ನೂ ಎಸೆಯುವುದಿಲ್ಲ. ಅರೆಬರೆ ಸುಟ್ಟ ಇಟ್ಟಿಗೆ ಮತ್ತೆ ಭಟ್ಟಿಗೆ, ಹೆಚ್ಚು ಸುಟ್ಟದ್ದು ಪಾಯಕ್ಕೆ, ಒಡೆದದ್ದು ಹೊಲದ ದಾರಿಗೆ, ಬೂದಿ ತಿಪ್ಪೆಗೆ. ಇಂಥಲ್ಲಿ ಬೆಳೆದವರಿಗೆ, ನಾವು ದುಡ್ಡು ಕೊಟ್ಟು ಹಾಕಿಸಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೋಗಿಬಿಡುತ್ತದೆಂದು ತಿಳಿದರೆ ನಿದ್ದೆ ಬಂದೀತೇ? ಹೊಗೆ ಪುಕ್ಕಟೆ, ಗಾಳಿ ಪುಕ್ಕಟೆ. ನಡುವೆ ಒಂದು ಗುಜರಿ ಟರ್ಬೊ ಇದ್ದರಾಯಿತು ಎಂಬುದು ಯೋಜನೆ.

ಟರ್ಬೊ ಸಿಕ್ಕಿತು. ಅಪಘಾತವಾದ ಯಾವುದೋ ಡೀಸೆಲ್ ಕಾರಿನದು, ಮುಷ್ಟಿಗಿಂತ ತುಸು ದೊಡ್ಡದು. ಅದನ್ನು ಹಿಡಿದುಕೊಂಡು ನಾವು ಉದ್ಯಮಬಾಗಕ್ಕೆ ಹೋದೆವು.

ಬೆಳಗಾವಿಯನ್ನು ಕುಂದಾದ ಊರೆಂದು ಹೊರಗಿನವರು ತಿಳಿದಿದ್ದಾರೆ. ಒಳಗಿನವರಿಗೆ ಇದು ಎರಕದ ಊರು. ಖಾನಾಪುರ ರಸ್ತೆಗುಂಟ ಉದ್ಯಮಬಾಗದಿಂದ ಮಚ್ಛೆಯ ತನಕ ಫೌಂಡ್ರಿ, ಲೇತು, ಮಿಲ್ಲಿಂಗು, ಹೈಡ್ರಾಲಿಕ್ ಪಂಪುಗಳ ಕಾರ್ಖಾನೆಗಳು. ಗಾಳಿ ತುರುಕುವ ವಿದ್ಯೆ ಈ ರಸ್ತೆಗೆ ಹೊಸದಲ್ಲ. ಕ್ಯುಪೋಲಾ ಕುಲುಮೆಗೆ ಬ್ಲೋವರಿನಿಂದ ಗಾಳಿ ಒತ್ತದಿದ್ದರೆ ಕೋಕು ಉರಿದೀತು, ಕಬ್ಬಿಣ ಕರಗಲಾರದು. 1998ರಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಮಚ್ಛೆಯಲ್ಲಿದೆ. ಭಾವನವರು ಅದನ್ನು ದಾಟಿ ಹೋಗದೆ ಈಚೆಗೇ ಒಬ್ಬ ಲೇತಿನ ಕಾಕಾನ ಅಂಗಡಿ ಹೊಕ್ಕರು. ಕಾಕಾನ ಅಂಗಡಿಯಲ್ಲಿ ಗಡಿ ಸಮಸ್ಯೆ ಇಲ್ಲ. ಬೈಗುಳ ಮರಾಠಿಯಲ್ಲಿ, ರೊಕ್ಕದ ಲೆಕ್ಕ ಕನ್ನಡದಲ್ಲಿ, ಅಳತೆ ಸೂತದಲ್ಲಿ.

ಕಾಕಾ ಟರ್ಬೊವನ್ನು ಮೂಸಿದರು. ಆಮೇಲೆ ದಂಡದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೊದಲು ಅತ್ತಿತ್ತ ಅಲುಗಿಸಿದರು, ಆಮೇಲೆ ಹಿಂದೆ ಮುಂದೆ ಎಳೆದರು. "ಅತ್ತಿತ್ತ ಕೂದಲೆಳಿ ಅಷ್ಟ ಪ್ಲೇ ಇರಬೇಕ್ರಿ, ಎಣ್ಣಿ ಬಂದ ಮ್ಯಾಲೆ ಅದು ಎಣ್ಣಿ ಮ್ಯಾಲೆ ತೇಲತೈತಿ. ಹಿಂದ ಮುಂದ ಪ್ಲೇ ಇದ್ದರ ಗುಜರಿಗೆ ವಾಪಸ್ ಕೊಡ್ರಿ." ನಮ್ಮದು ಪಾಸಾಯಿತು. ಈ ಪುಟ್ಟ ದಂಡ ನಿಮಿಷಕ್ಕೆ ಎರಡು ಲಕ್ಷ ಸುತ್ತು ದಾಟುತ್ತದೆ, ನಡುವೆ ಇರುವುದು ಎಂಜಿನ್ ಆಯಿಲಿನ ಒಂದು ತೆಳು ಪದರ ಮಾತ್ರ. ಆಯಿಲು ಒಳಗೆ ಬರಲು ಸಣ್ಣ ಪೈಪು ಸಾಕು, ಅಲ್ಲಿ ಒತ್ತಡವಿದೆ. ಹೊರಗೆ ಹೋಗುವಾಗ ಒತ್ತಡವಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹಾಗಾಗಿ ಹೊರಗಿನ ಪೈಪು ದಪ್ಪವಾಗಿ, ನೆಟ್ಟಗೆ ಕೆಳಮುಖವಾಗಿ ಇರಬೇಕು. ಅಲ್ಲಿ ಕಟ್ಟಿಕೊಂಡರೆ ಆಯಿಲು ಸೀಲು ದಾಟಿ ಸೈಲೆನ್ಸರಿಗೆ ಬಂದು ನೀಲಿ ಹೊಗೆ. ಕಾಕಾ ಇದನ್ನು ಗಟಾರದ ಕಂಟ್ರಾಕ್ಟರರ ಮೇಲಿನ ಒಂದು ಉಪನ್ಯಾಸದ ಜೊತೆ ವಿವರಿಸಿದರು.

ಅವರಿಗೆ ಒಪ್ಪಿಗೆಯಾಗದ ವಿಷಯ ಒಂದಿತ್ತು. ಡೀಸೆಲ್ ಎಂಜಿನ್ನಿನ ಹೊಗೆ ತೀರ ಬಿಸಿಯಾದರೂ 800 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಪೆಟ್ರೋಲಿನದು 900 ದಾಟುತ್ತದೆ. ಡೀಸೆಲಿನ ಟರ್ಬೊ ಚಿಪ್ಪನ್ನು ಸಾಮಾನ್ಯವಾಗಿ ಸಿಲಿಕಾನ್, ಮಾಲಿಬ್ಡಿನಮ್ ಬೆರೆಸಿದ ಎರಕದಿಂದ ಮಾಡಿದರೆ ಪೆಟ್ರೋಲಿನದಕ್ಕೆ ನಿಕೆಲ್ ಹೆಚ್ಚಿರುವ ಎರಕವೋ ಉಕ್ಕೋ ಬೇಕು. "ಇದು ಕೆಂಪಗ ಕಾಯ್ದು ಬಿರಕ ಬಿಡತೈತ್ರಿ," ಎಂದರು ಕಾಕಾ. ಎರಕದ ಊರಿನವರ ಮುಂದೆ ಎರಕದ ವಾದ ನಡೆಯುವುದಿಲ್ಲ. ಕಡಿಮೆ ಒತ್ತಡ, ಸ್ವಲ್ಪ ಹೊತ್ತಿನ ಓಟ, ಓಡಿಸಿದ ಮೇಲೆ ಒಂದೆರಡು ನಿಮಿಷ ಐಡ್ಲಿಂಗ್, ಈ ಶರತ್ತುಗಳ ಮೇಲೆ ರಾಜಿಯಾಯಿತು.

ಎಂಜಿನ್ನಿಗೂ ಟರ್ಬೊಗೂ ನಡುವಿನ ಮ್ಯಾನಿಫೋಲ್ಡನ್ನು ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ, ಮಾಡಿಕೊಳ್ಳಬೇಕು. ಸಕ್ಕರೆ ಕಾರ್ಖಾನೆಗಳ ಸ್ಟೀಮ್ ಲೈನಿಗೆ ಹಾಕುವ ದಪ್ಪ ಗೋಡೆಯ ಬೆಂಡುಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟು. ಅವನ್ನು ಕತ್ತರಿಸಿ, ಹನ್ನೆರಡು ಎಂಎಂ ಪ್ಲೇಟಿನಲ್ಲಿ ಕೊರೆದ ಫ್ಲ್ಯಾಂಜಿಗೆ ವೆಲ್ಡ್ ಮಾಡಿದರು. ಆರಿದ ಮೇಲೆ ಕಾಕಾ ಫ್ಲ್ಯಾಂಜಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದರು. ನಡುವಿನಿಂದ ಬೆಳಕಿನ ಗೀಟೊಂದು ಎರಡೂ ತುದಿಯ ತನಕ ಸಪೂರವಾಗುತ್ತ ಹೋಗಿತ್ತು. ವೆಲ್ಡಿಂಗಿನ ಬಿಸಿಗೆ ಪ್ಲೇಟು ಸೊಟ್ಟಗಾಗಿದೆ. ಹಾಗೇ ಬಿಗಿದರೆ ಆ ಗೀಟಿನಿಂದ ಹೊಗೆ ಸೋರಿ, ಪುಕ್ಕಟೆ ಹೊಗೆ ಪುಕ್ಕಟೆಯಾಗಿಯೇ ಹೋಗುತ್ತದೆ. ಮತ್ತೆ ಮಿಲ್ಲಿಂಗ್ ಮಷಿನ್ನಿಗೆ ಕಟ್ಟಿ ಮುಖ ಸವರಿದರು. ಬಿಲ್ ಬರೆಯುವಾಗ ಕಾಕಾ ತಲೆಯೆತ್ತದೆ ಹೇಳಿದರು, "ಸಾವಕಾರ್ರ, ಇದು ಗಾಳಿ ತುಂಬೂ ಮಷಿನ್ ಅಲ್ಲರಿ. ರೊಕ್ಕ ತುಂಬೂ ಮಷಿನ್."

ಅದು ಸುಳ್ಳಲ್ಲ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದಕ್ಕೆ ಇಂಟರ್‌ಕೂಲರು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಬೇಕು, ಅದಕ್ಕೆ ಇಂಜೆಕ್ಟರು ಮತ್ತು ಅದನ್ನು ಹದಕ್ಕೆ ತರುವ ಕಂಪ್ಯೂಟರ್ ಹುಡುಗ. ಒತ್ತಡ ಮಿತಿಮೀರದಂತೆ ಹೊಗೆಯನ್ನು ಬೇರೆ ದಾರಿಗೆ ಬಿಡಲು ವೇಸ್ಟ್‌ಗೇಟು. ಎಸೆಯುವುದನ್ನು ಉಳಿಸುವುದೇ ಕೆಲಸವಾದ ಯಂತ್ರದೊಳಗೂ ಹೆಚ್ಚಾದದ್ದನ್ನು ಎಸೆಯಲು ಒಂದು ಬಾಗಿಲು ಇಡಲೇಬೇಕು ಎಂದು ಕೇಳಿ ಮಾವನಿಗೆ ಬಹಳ ಬೇಜಾರಾಯಿತು.

ನಾಕಿಂಗ್ ಭಯವೂ ಇತ್ತು. ಕಿಡಿ ಹಚ್ಚಿದ ಉರಿ ತಲುಪುವ ಮೊದಲೇ ಒತ್ತಡಕ್ಕೆ ಪೆಟ್ರೋಲು ಅಲ್ಲಲ್ಲಿ ತಾನಾಗಿ ಹತ್ತಿಕೊಂಡರೆ ಪಿಸ್ಟನ್ನಿಗೆ ಸುತ್ತಿಗೆ ಪೆಟ್ಟು. ಇಲ್ಲಿ ಕಬ್ಬು ನೆರವಿಗೆ ಬಂತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ-20 ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್. ಅದು ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತದೆ, ಒತ್ತಡವನ್ನೂ ಚೆನ್ನಾಗಿ ತಡೆಯುತ್ತದೆ. ಜೋಡಿ ಟ್ರೇಲರ್ ಎಳೆದುಕೊಂಡು, ಡಾಲ್ಬಿ ಹಚ್ಚಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿ ನರಳುವಾಗ ಇದನ್ನು ನೆನೆಸಿಕೊಂಡರೆ ಸಿಟ್ಟು ತುಸು ಇಳಿಯುತ್ತದೆ. ಹಳೆಯ ಕಾರಿನ ರಬ್ಬರ್ ಪೈಪುಗಳಿಗೆ ಮಾತ್ರ ಎಥೆನಾಲ್ ಆಗಿಬರುವುದಿಲ್ಲ. ಅವೂ ಬದಲಾದವು. ಬಿಲ್ಲು ಬೆಳೆಯಿತು.

ಕಾನೂನಿನ ಮಾತು ಎತ್ತಿದ್ದು ನಾನೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಾದ ಮೇಲೆ ತಪ್ಪಿದರೆ ಆರು ತಿಂಗಳ ತನಕ ಸೆರೆವಾಸ, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಪ್ರತಿ ಬದಲಾವಣೆಗೆ ಎಂಬುದನ್ನು ಕೇಳಿ ಭಾವ ಬಾನೆಟ್ ಎತ್ತಿ ಬೆರಳು ಮಡಚುತ್ತ ಎಣಿಸಿದರು, ಎರಡೂ ಕೈಯ ಬೆರಳು ಮುಗಿಯುವ ಮೊದಲೇ ಬಾನೆಟ್ ಮುಚ್ಚಿದರು. ಕಾರು ಟೆಂಪೊ ಹತ್ತಿ ಖಾನಾಪುರಕ್ಕೆ ಹೋಯಿತು. ಇನ್ನು ಅದರ ಓಟವೆಲ್ಲ ಭಟ್ಟಿಯ ಅಂಗಳದಲ್ಲಿ, ಸ್ವಂತ ಜಮೀನಿನಲ್ಲಿ.

ಅಂಗಳ ದೊಡ್ಡದೇ. ಆದರೆ ಟರ್ಬೊ ಕಣ್ಣು ಬಿಡಲು ಎಂಜಿನ್ ಮೂರು ಸಾವಿರ ಸುತ್ತು ದಾಟಬೇಕು. ಮೊದಲ ಗೇರು, ಎರಡನೇ ಗೇರು, ಸಣ್ಣಗೆ ಸಿಳ್ಳೆ ಶುರುವಾಯಿತು, ಮೀಟರಿನ ಮುಳ್ಳು 0.4 ಬಾರ್ ಒತ್ತಡಕ್ಕೆ ಏರಿತು, ಬೆನ್ನು ಸೀಟಿಗೆ ಅಂಟಿತು, ಎದುರಿಗೆ ಇಟ್ಟಿಗೆಯ ಗೂಡು. ಬ್ರೇಕ್. ಲೆಕ್ಕದ ಪ್ರಕಾರ ಐದು ಕುದುರೆಗಳ ಬದಲು ಹದಿನೈದು-ಇಪ್ಪತ್ತು ಬಂದಿರಬೇಕು. ಅವಕ್ಕೆಲ್ಲ ಮೇಯಲು ಜಾಗ ಸಿಕ್ಕದ್ದು ಅಂಗಳದ ಕೊನೆಯ ನಾಲ್ಕು ಮಾರು. ಎದ್ದ ಕೆಂಪು ದೂಳು ಅತ್ತೆ ಒಣಹಾಕಿದ್ದ ಸಂಡಿಗೆಯ ಮೇಲೆ ಕೂತಿತು. ಅಂದಿನಿಂದ ಅತ್ತೆಗೂ ಭಾವನಿಗೂ ನಡುವೆ ಮಾತುಕತೆ ನನ್ನ ಮೂಲಕ.

ಮರುವಾರ ಅತ್ತೆಗೆ ಕಣ್ಣಿನ ಡಾಕ್ಟರರಿಗೆ ತೋರಿಸಲು ಬೆಳಗಾವಿಗೆ ಬರುವುದಿತ್ತು. ವಾಯವ್ಯ ಸಾರಿಗೆಯ ಬಸ್ಸು ಹತ್ತಿ ಬಂದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ, ಕಂಡಕ್ಟರ್ ಶೂನ್ಯದ ಟಿಕೆಟ್ ಹರಿದುಕೊಟ್ಟಿದ್ದ. ಈಗಿನ ಬಸ್ಸಿನ ಡೀಸೆಲ್ ಎಂಜಿನ್‌ಗಳಿಗೆಲ್ಲ ಕಂಪನಿಯಿಂದಲೇ ಟರ್ಬೊ ಇರುತ್ತದೆ, ಇಂಟರ್‌ಕೂಲರೂ ಇರುತ್ತದೆ. ಇದು ನೆನಪಾಗಿ ಭಾವ ನನ್ನ ಕಡೆ ತಿರುಗಿ, ಏರಿನಲ್ಲಿ ಬಸ್ಸು ಹೇಗೆ ಎಳೆಯಿತು, ಸಿಳ್ಳೆ ಕೇಳಿಸಿತೇ ಎಂದು ವಿಚಾರಿಸಲು ಹೇಳಿದರು. ನಾನು ಕೇಳಿದೆ.

"ಖಿಡಕಿ ಕಡೆ ಸೀಟ ಸಿಕ್ಕಿತ್ತಪಾ," ಎಂದರು ಅತ್ತೆ, "ದೇಸೂರ ಬರೂದ್ರಾಗ ನಿದ್ದಿ ಹತ್ತಿತ್ತು."