ಕೂತಲ್ಲಿ ಕೂರದವನ ಕೇಸು

ನನಗೆ ಆರೋಗ್ಯ ವಿಮೆ ಇಲ್ಲ. ಮೊದಲು ಇತ್ತು. ಕಂತು ಕಟ್ಟಬೇಕೆಂದು ಕಂಪನಿಯವರು ಮೆಸೇಜು ಕಳಿಸಿದರು, ಫೋನ್ ಮಾಡಿದರು, ಕೊನೆಗೆ ಅಂಚೆಯಲ್ಲಿ ಕಾಗದವನ್ನೂ ಹಾಕಿದರು. ಕಳೆದುಹೋಗಬಾರದೆಂದು ಆ ಕಾಗದವನ್ನು ಬಹಳ ಭದ್ರವಾದ ಜಾಗದಲ್ಲಿಟ್ಟೆ. ಎಷ್ಟು ಭದ್ರ ಎಂದರೆ, ಮುಂದಿನ ವರ್ಷ ಮೆಣಸಿನ ಚೀಲ ಬಿಚ್ಚಿ ತೂಕಕ್ಕೆ ಹಾಕುವಾಗಲೇ ಅದು ಹೊರಬಂದದ್ದು. ಅಷ್ಟರಲ್ಲಿ ಪಾಲಿಸಿ ತೀರಿಕೊಂಡಿತ್ತು. ಯಾವ ಕಾಯಿಲೆಗೆ ವಿಮೆ ಬೇಕಿತ್ತೋ ಅದೇ ಕಾಯಿಲೆ ವಿಮೆಯನ್ನು ನುಂಗಿತು ಎಂದು ಈಗ ಹೇಳಿಕೊಂಡು ತಿರುಗುತ್ತೇನೆ. ಹೇಳಿಕೊಳ್ಳುವುದರಲ್ಲಿ ಒಂದು ಸುಖವಿದೆ. ಮೊದಲಾದರೆ ಇದಕ್ಕೆ ಬರೀ ಬೇಜವಾಬ್ದಾರಿ ಎಂಬ ಹೆಸರಿತ್ತು.

ಕಾಯಿಲೆ ಪತ್ತೆ ಮಾಡಿದವಳು ಬೆಂಗಳೂರಿನಲ್ಲಿ ಓದುವ ಮಗಳು. ರಜಕ್ಕೆ ಬಂದವಳು ನನ್ನನ್ನು ಜಗಲಿಯಲ್ಲಿ ಕೂರಿಸಿ, ದೊಡ್ಡವರ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ಕಾಯಿಲೆ) ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ 18 ಪ್ರಶ್ನೆಗಳ ಪಟ್ಟಿ ಓದತೊಡಗಿದಳು. ಏಳನೆಯ ಪ್ರಶ್ನೆಯ ಹೊತ್ತಿಗೆ ನಾನು ಕಣದಲ್ಲಿ ಕಾಫಿ ಮಗುಚುತ್ತಿದ್ದೆ. ಅವಳು ಕರೆಯಲಿಲ್ಲ. "ಇರ್ಲಿ ಬಿಡಪ್ಪ, ಮೊದಲ ಆರಕ್ಕೇ ಗೊತ್ತಾಗುತ್ತಂತೆ" ಎಂದು ಫೋನು ಒಳಗಿಟ್ಟಳು.

ಹೆಂಡತಿಗೆ ಆ ಆರೂ ಬೇಕಿರಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಬೋರ್ಡೋ ದ್ರಾವಣದ ಈ ಲೆಕ್ಕ ನಮ್ಮ ಆಲೂರು, ಸಕಲೇಶಪುರದ ಕಡೆ ಶಾಲೆಗೆ ಹೋಗದವರಿಗೂ ಗೊತ್ತು. ನಾನು ತುತ್ತ ಕರಗಿಸಿಟ್ಟು, ಸುಣ್ಣ ತರಲು ಶೆಡ್ಡಿಗೆ ಹೋಗಿ, ಅಲ್ಲಿ ಪಲ್ಪರಿನ ಬೆಲ್ಟು ಸಡಿಲವಾಗಿದ್ದು ಕಂಡು, ಬಿಗಿ ಮಾಡಲು ಸ್ಪ್ಯಾನರ್ ಸಿಗದೆ ಪೇಟೆಗೇ ಹೋಗಿಬಿಟ್ಟೆ. ಆಳುಗಳು ಬರೀ ತುತ್ತದ ನೀರು ಹೊಡೆದರು. ಅಷ್ಟೂ ಗಿಡದ ಎಲೆ ಸುಟ್ಟುಹೋಯಿತು. ಸ್ಪ್ಯಾನರೂ ತರಲಿಲ್ಲ.

ಇನ್ನು ಆನೆ. 2014ರಲ್ಲಿ ಆಲೂರು ಭಾಗದಿಂದ 22 ಆನೆ ಹಿಡಿದು ಸಾಗಿಸಿದ ಮೇಲೂ ನಮಗೆ ಆನೆಯ ಕೊರತೆ ಬಿದ್ದಿಲ್ಲ. ಹಿಂಡಿನ ಹೆಣ್ಣಾನೆಗೆ ರೇಡಿಯೊ ಕಾಲರ್ ಹಾಕಿ, ಇಂಥ ತೋಟದಲ್ಲಿವೆ ಹುಷಾರು ಎಂದು ಅರಣ್ಯ ಇಲಾಖೆಯವರು ಮೆಸೇಜು ಕಳಿಸುತ್ತಾರೆ. ಮೆಸೇಜು ಬರುತ್ತದೆ. ಫೋನು ಅಕ್ಕಿ ಡಬ್ಬಿಯ ಮೇಲೆ, ನಾನು ತೋಟದಲ್ಲಿ. "ಆನೆ ಎಲ್ಲಿದೆ ಅಂತ ಸರ್ಕಾರಕ್ಕೆ ಗೊತ್ತು ಕಣ್ರೀ. ನೀವೆಲ್ಲಿದೀರ ಅಂತ ನಂಗೆ ಗೊತ್ತಿಲ್ಲ. ಆ ಕಾಲರ್ ನಿಮಗೂ ಒಂದು ಹಾಕ್ಸಿ" ಎಂದಳು ಹೆಂಡತಿ. ನಗುತ್ತಾ ಹೇಳಿದಳು ಎಂದು ಬರೆಯಬಹುದಿತ್ತು. ನಗುತ್ತಿರಲಿಲ್ಲ. ನಮ್ಮ ಸುತ್ತಮುತ್ತ ಬೆಳಿಗ್ಗೆ ಕೆಲಸಕ್ಕೆ ಹೊರಟು ಆನೆ ಕಾಲಿಗೆ ಸಿಕ್ಕಿದವರಿದ್ದಾರೆ.

ಹೊಸ ಪಾಲಿಸಿ ಮಾಡಿಸೋಣವೆಂದರೆ ಏಜೆಂಟ್ ಹೇಳಿದ: "ಆಸ್ಪತ್ರೇಲಿ 24 ಗಂಟೆ ಅಡ್ಮಿಟ್ ಆಗಿರ್ಬೇಕು ಸಾರ್. ಡಾಕ್ಟ್ರಿಗೆ ತೋರಿಸ್ಕೊಂಡು ಮಾತ್ರೆ ತಗೊಂಡು ಬಂದ್ರೆ ಕ್ಲೈಮ್ ಆಗಲ್ಲ." ಒಂದೇ ಮಂಚದ ಮೇಲೆ 24 ಗಂಟೆ ಬಿದ್ದಿರಬಲ್ಲೆನಾದರೆ ನನಗೆ ಕಾಯಿಲೆಯೇ ಇಲ್ಲವಲ್ಲಪ್ಪ ಎಂದೆ. ಮೈಯ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದಲ್ಲ ಎಂದೂ ಕೇಳಿದೆ. ಮಗಳು ಓದಿ ಹೇಳಿದ್ದು ಅದೃಷ್ಟಕ್ಕೆ ನೆನಪಿತ್ತು. ಅವನಿಗೂ ನೆನಪಿತ್ತು. ಭೇದ ಎಲ್ಲಿದೆ ಸಾರ್, ಹೊರರೋಗಿಗೆ ಜ್ವರಕ್ಕೂ ಕೊಡಲ್ಲ, ತಲೆಗೂ ಕೊಡಲ್ಲ ಎಂದ. ಇಷ್ಟು ನಿಖರವಾದ ಸಮಾನತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಹಕಾರ ಸಂಘದ ಸದಸ್ಯನಾಗಿ ಯಶಸ್ವಿನಿ ಯೋಜನೆಯ ಕಡೆ ನೋಡಿದರೆ ಅದು ಹೆಚ್ಚಾಗಿ ಶಸ್ತ್ರಚಿಕಿತ್ಸೆಗೆ. ನನ್ನ ತಲೆಯಲ್ಲಿ ಕೊಯ್ದು ತೆಗೆಯುವಂಥದ್ದೇನೂ ಇಲ್ಲ. ಬೆಂಗಳೂರಿನ ಖಾಸಗಿ ಕ್ಲಿನಿಕ್ಕೊಂದರಲ್ಲಿ ಪರೀಕ್ಷೆಗೆ ಎಷ್ಟೆಂದು ವಿಚಾರಿಸಿ, ಹಾಗೇ ಆ ದಿನದ ಮೆಣಸಿನ ಧಾರಣೆ ನೋಡಿ ಸುಮ್ಮನಾದೆ.

ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿದೆ. 14416. ಅಕ್ಟೋಬರ್ 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನೆತ್ತಿದ ಹುಡುಗಿ ಸಮಾಧಾನವಾಗಿ ಕೇಳಿಸಿಕೊಂಡಳು. ಮಧ್ಯೆ ನಾಯಿ ಬೊಗಳಿತೆಂದು ಬ್ಯಾಟರಿ ಹಿಡಿದು ಹೊರಗೆ ಹೋಗಿ ಬಂದರೂ ಲೈನಿನಲ್ಲೇ ಇದ್ದಳು. ಮನೋಚೈತನ್ಯ ಎಂಬ ಸರ್ಕಾರಿ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದುಂಟಲ್ಲ, ಅಲ್ಲಿ ತೋರಿಸೋಣವೆಂದು ಹೊರಟೆ. ಬುಧವಾರ.

ಮುಂದೊಂದು ಮಂಗಳವಾರ ಸಿಕ್ಕ ಡಾಕ್ಟ್ರಮ್ಮ ನನ್ನ ಮಗಳಿಗಿಂತ ತುಸು ದೊಡ್ಡವಳಿರಬೇಕು. ಎಲ್ಲ ಕೇಳಿ, ಈ ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು, ನಿಮ್ಮ ಬಾಲ್ಯ ಕಂಡವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಎಂದರು. ನಾನು ಮನೆಗೆ ಬಂದು ಅವ್ವನಿಗೆ ಹೇಳಿದೆ.

ಅವ್ವ ರೇಷ್ಮೆ ಸೀರೆ ಉಟ್ಟಳು. ಹೆಂಗಸರಿಗೆ ಶಕ್ತಿ ಯೋಜನೆ ಇರುವುದರಿಂದ ಸಾಕ್ಷಿಯ ಬಸ್ ಖರ್ಚು ಸರ್ಕಾರದ್ದು. ಟಿಕೆಟ್ ಆರೋಪಿಗೆ ಮಾತ್ರ. ಮಡಿಲಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ನನ್ನ ಮೂರನೇ ಕ್ಲಾಸಿನ ಅಂಕಪಟ್ಟಿ. ಈ ವರ್ಷದ ಕಂದಾಯದ ರಸೀದಿ ಸಿಗದ ಮನೆಯಲ್ಲಿ ಅದು ಎಲ್ಲಿ ಕೂತಿತ್ತೋ.

"ಅಮ್ಮ, ಹನ್ನೆರಡು ವರ್ಷಕ್ಕೆ ಮುಂಚೆ ಇವರು ಹೇಗಿದ್ರು?" ಎಂದು ಕೇಳಿದ್ದೇ ತಡ, "ಹೊಟ್ಟೇಲಿದ್ದಾಗಿಂದ ಹೇಳ್ಲಾ?" ಎಂದಳು. ಸರ್ಕಾರದ ಪೈಕಿಯವರೊಬ್ಬರು ಕಾಗದ, ಪೆನ್ನು ಹಿಡಿದು ತನ್ನ ದೂರು ಬರೆದುಕೊಳ್ಳಲು ಕೂರುತ್ತಾರೆಂದು ಅವ್ವ ಅಷ್ಟು ವರ್ಷವೂ ಕಾದಿದ್ದಳೆಂದು ನನಗೆ ಆಗ ಗೊತ್ತಾಯಿತು. ಕರು ಕಟ್ಟಲು ಹೇಳಿದರೆ ಹಗ್ಗ ಕಟ್ಟಿ ಕರು ಬಿಟ್ಟು ಬಂದದ್ದು. "ಬರ್ಕಂಡ್ರಾ?" ಸ್ಕೂಲಿಗೆ ಸ್ಲೇಟು ಮರೆತು, ತರಲು ಮನೆಗೆ ಬಂದು, ಸ್ಲೇಟಿನೊಂದಿಗೆ ಹೊಳೆಗೆ ಹೋದದ್ದು. "ಬರ್ಕಳಿ." ನಂಟರ ಮದುವೆಯಲ್ಲಿ ಕಡುಬು ಬಡಿಸುತ್ತ ಬಡಿಸುತ್ತ ತಾನೇ ಪಂಕ್ತಿಯಲ್ಲಿ ಕೂತದ್ದು, ಎದುರು ಸಾಲಿನವರು ಖಾಲಿ ಎಲೆ ನೋಡುತ್ತಾ ಉಳಿದದ್ದು. ಇದು ಲಕ್ಷಣಕ್ಕೆ ಸೇರುವುದಿಲ್ಲವೇನೋ ಎಂದು ಡಾಕ್ಟ್ರಮ್ಮ ಪೆನ್ನು ಎತ್ತಿದರು. "ಅದ್ನೂ ಬರ್ಕಳಿ ತಾಯಿ, ಆ ನಂಟ್ರು ಇವತ್ತಿಗೂ ಅದ್ನೇ ಆಡ್ಕಂತರೆ."

ಬಾಗಿಲಲ್ಲಿ ಜನ ಸೇರಿದರು. ಬಿಪಿ ನೋಡಿಸಲು ಬಂದಿದ್ದ ಅಜ್ಜನೊಬ್ಬ ನೆಲದ ಮೇಲೇ ಕೂತ. ಅವ್ವ ಆಗ ಮುಖ್ಯ ಪ್ರಕರಣಕ್ಕೆ ಬಂದಳು.

"1979ರಾಗೆ ಹಾಸ್ನದಿಂದ ಮಂಗ್ಳೂರಿಗೆ ರೈಲು ಬಿಟ್ಟ ಹೊಸ್ತು. ಸಾರು ಒಲೆ ಮೇಲಿದೆ, ಓಡೋಗಿ ಉಪ್ಪು ತಾ ಅಂತ ಕಳ್ಸಿದ್ದೆ. ಘಾಟಿಲಿ ಐವತ್ತೇಳು ಸುರಂಗ ಇದಾವೆ ಅಂತ ಅಂಗ್ಡೀಲಿ ಯಾರೋ ಅಂದ್ರಂತೆ. ಎಣಿಸ್ಕಂಡು ಬತ್ತೀನಿ ಅಂತ ಹಳಿ ಮೇಲೆ ಹೊಂಟವ್ನೆ. ಇಡೀ ಊರು ಹೇಮಾವತಿ ಹೊಳೇಲಿ ಹುಡುಕ್ತು. ಕತ್ಲಾದ್ಮೇಲೆ ದೋಣಿಗಾಲ್ ಕಡೆಯಿಂದ ಗ್ಯಾಂಗ್‌ಮನ್ನು ಕೈ ಹಿಡ್ಕಂಡು ಬಂದ." ಅವ್ವ ನಿಲ್ಲಿಸಿ ಸುತ್ತ ನೋಡಿದಳು. "ಉಪ್ಪು ಇವತ್ತಿಗೂ ಬಂದಿಲ್ಲ."

ನೆಲದ ಮೇಲಿದ್ದ ಅಜ್ಜ ತೊಡೆ ತಟ್ಟಿಕೊಂಡು ನಕ್ಕ. ಡಾಕ್ಟ್ರಮ್ಮ, ನೀವೇನಂತೀರಿ ಎಂದು ನನ್ನತ್ತ ತಿರುಗಿದರು. ನನ್ನ ಕುರ್ಚಿ ಖಾಲಿಯಿತ್ತು. ಹೊರಗೆ ಒಬ್ಬಾಕೆ ಚೀಟಿ ಮಾಡಿಸುವ ಕಿಟಕಿ ಯಾವುದೆಂದು ಕೇಳಿದ್ದಳು. ತೋರಿಸಲು ಹೋದವನು ಆ ಸಾಲಿನಲ್ಲೇ ನಿಂತುಬಿಟ್ಟಿದ್ದೆ. ವಾಪಸು ಬಂದಾಗ ಅವ್ವನ ಮುಖದಲ್ಲಿ ಕೇಸು ಗೆದ್ದ ಕಳೆ.

ಆಮೇಲೆ ಕೇಳಿದ ಪ್ರಶ್ನೆಗೆ ಮಾತ್ರ ಅವ್ವ ತಯಾರಿರಲಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ, ಇದು ರಕ್ತಸಂಬಂಧದಲ್ಲಿ ಬರುವುದು ಹೆಚ್ಚು ಎಂದರು ಡಾಕ್ಟ್ರಮ್ಮ. ನಮ್ಮಪ್ಪ ಗೋಡೆ ಎಬ್ಬಿಸಿ ಚಾವಣಿ ಹಾಕದೆ ಬಿಟ್ಟ ಗೋಡೌನು ಈಗಲೂ ತೋಟದಲ್ಲಿದೆ. ಬ್ಯಾಂಕಿನ ಕಾಗದ ಒಡೆದು ನೋಡದೆ ಹಳ್ಳದ ಮಗ್ಗುಲಿನ ತೋಟ ಕಳೆದವರೂ ಅವರೇ. ಊರೆಲ್ಲ ದಂಡಪಿಂಡ ಅಂದಿತು. ಮನೆಯೊಳಗೆ ಅವ್ವನೂ ಅಂದಿದ್ದಳು. ಈಗ "ಅವ್ರು ಕೆಟ್ಟೋರಲ್ಲ ಕಣಮ್ಮ" ಎಂದಳು. ಅದನ್ನು ಬರೆದುಕೊಳ್ಳಿ ಅನ್ನಲಿಲ್ಲ. ಡಾಕ್ಟ್ರಮ್ಮ ಮಾತ್ರೆ ಬರೆದುಕೊಟ್ಟರು. ಬಸ್ಸಿನಲ್ಲಿ ಬರುವಾಗ ಅವ್ವ ಕೇಳಿದಳು: "ನಿಮ್ಮಪ್ಪನ ಕಾಲಕ್ಕೂ ಈ ಮಾತ್ರೆ ಇತ್ತೇನ್ಲಾ?" ಇರಬಹುದು ಎಂದೆ. ಮತ್ತೆ ಮಾತಾಡಲಿಲ್ಲ.

ಮಾತ್ರೆಯದ್ದು ಇನ್ನೊಂದು ಪುರಾಣ. ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್‌ಗೆ ಸೇರಿದ ಔಷಧಿ. ಅದಕ್ಕೆಂದೇ ಪರವಾನಗಿ ಇರುವ ಅಂಗಡಿಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿರುತ್ತದೆ. ಚೀಟಿ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು, ಇನ್ನೊಂದು ನನ್ನ ಹತ್ತಿರ. ಕಾಗದ ಕಳೆಯುವ ಕಾಯಿಲೆಗೆ ಔಷಧಿ ಬೇಕಾದರೆ ಮೊದಲು ಕಾಗದ ಕಳೆಯದೆ ಇರಬೇಕು. ಈ ನಿಯಮ ಮಾಡಿದವರ ತಲೆ ಸರಿಯಾಗಿಯೇ ಕೆಲಸ ಮಾಡುತ್ತಿದ್ದಿರಬೇಕು. ಇಲ್ಲದಿದ್ದರೆ ಇಂಥದ್ದು ಹೊಳೆಯುವುದಿಲ್ಲ. ಈಗ ನನ್ನ ಪ್ರತಿ ಅವ್ವನ ಪ್ಲಾಸ್ಟಿಕ್ ಚೀಲದಲ್ಲಿ, ಅಂಕಪಟ್ಟಿಯ ಜೊತೆ ಇರುತ್ತದೆ.

ಗುಣ ಆಗಿದೆಯೇ ಎಂದು ಕೇಳುತ್ತಾರೆ. ಸುಣ್ಣ ತರಲು ಹೋದರೆ ಸುಣ್ಣದೊಂದಿಗೇ ಬರುತ್ತೇನೆ, ಹೆಚ್ಚುಕಮ್ಮಿ. ಇನ್ನೊಂದು ಫಲಿತಾಂಶ ನಾನು ಬಯಸದೆ ಬಂದದ್ದು. ನಮ್ಮ ದೊಡ್ಡಪ್ಪ ಇದ್ದಾರೆ. ನಮ್ಮ ಕಾಲದಲ್ಲಿ ಇಂಥ ಕಾಯಿಲೆಯೆಲ್ಲ ಎಲ್ಲಿತ್ತು, ಎರಡು ಬಿಟ್ಟರೆ ಹೋಗುತ್ತಿತ್ತು ಎನ್ನುವವರು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿಗೆ ರೇಟು ಏರಿದಾಗ ತಾವು ಏನು ಮಾಡಿದೆವೆಂಬ ಕತೆಯನ್ನು ಅವರು ಪ್ರತಿ ತಿಥಿ, ಪ್ರತಿ ಬೀಗರೂಟದಲ್ಲೂ ಹೇಳುತ್ತಾರೆ. ಅರ್ಧಕ್ಕೇ ನನ್ನ ಮನಸ್ಸು ಎಲ್ಲೋ ಹೋಗಿರುತ್ತಿತ್ತು. ಅವರು ಜೀಪು ಕೊಂಡದ್ದರ, ನಾನು ಸಾಲದಲ್ಲಿ ಉಳಿದದ್ದರ ಗುಟ್ಟು ಉಳಿದರ್ಧದಲ್ಲಿದೆ ಎಂದೇ ನಂಬಿದ್ದೆ. ಮೊನ್ನೆ ಮಾತ್ರೆ ನುಂಗಿ ಹೋಗಿ, ಎದುರೇ ಕೂತು, ಕಣ್ಣು ಕೀಳದೆ ಕೊನೆಯವರೆಗೂ ಕೇಳಿದೆ. ಉಳಿದರ್ಧ ಇರಲೇ ಇಲ್ಲ. ಮೊದಲರ್ಧವನ್ನೇ ಎರಡು ಸಲ ಹೇಳುತ್ತಾರೆ.

"ಆಮೇಲೆ ಏನಾಯ್ತು ದೊಡ್ಡಪ್ಪ?" ಎಂದೆ.

"ಆಗ್ಲೇ ಹೇಳಿದ್ನಲ್ಲೋ" ಎಂದು ಗದರಿದರು. "ಗಮನ ಎಲ್ಲಿರುತ್ತೆ ನಿಂದು?"