ರಾಯರ ಜರ್ಮನ್ ಕ್ಯಾಮೆರಾ

ಬೇಲಿಯೇ ಇಲ್ಲದ ಊರಿನಲ್ಲಿ ಬೇಲಿಯಾಚೆಯ ಹರಟೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಸಿಂಗಪುರದ ಹೌಗಾಂಗಿನಲ್ಲಿರುವ ಎಚ್‌ಡಿಬಿ ಎಂಬ ಸರ್ಕಾರಿ ಫ್ಲಾಟುಗಳಲ್ಲಿ ಬೇಲಿಯ ಕೆಲಸವನ್ನು ಕಾರಿಡಾರು ಮಾಡುತ್ತದೆ. ಈಚೆ ನನ್ನ ಚಪ್ಪಲಿ ಸ್ಟ್ಯಾಂಡು, ಆಚೆ ಪಕ್ಕದ ಮನೆಯ ತುಳಸಿ ಕುಂಡ, ನಡುವೆ ಎರಡು ಪ್ಲಾಸ್ಟಿಕ್ ಸ್ಟೂಲು. ಸಂಜೆ ಬಿಸಿಲು ಇಳಿದರೆ ಸಾಕು, ಶಿವಮೊಗ್ಗದ ರಾಯರು ಹಾಜರು. ಮಗಳ ಮನೆಗೆ ಬಂದವರು. ಬ್ಯಾಂಕಿನಲ್ಲಿ ಜೀವ ಸವೆಸಿದವರಾದ್ದರಿಂದ ಯಾವುದನ್ನೂ ಹಿಂದೆ ಮುಂದೆ ತಿರುಗಿಸಿ ನೋಡದೆ ನಂಬುವವರಲ್ಲ. ಚೆಕ್ಕಾಗಲಿ, ಮನುಷ್ಯರಾಗಲಿ, ಇಲ್ಲಿಯ ಸಾಂಬಾರಾಗಲಿ.

ಈ ಸಲ ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಟವೆಲ್ಲು ಸುತ್ತಿಕೊಂಡು ಒಂದು ಕ್ಯಾಮೆರಾ ಬಂದಿತ್ತು.

"ಏನ್ರೀ ಇವರೇ, ನಿಮ್ಮ ಸಿಂಗಪುರದ ಮೇಲೆ ನನ್ನದೊಂದು ಹಳೇ ಬಾಕಿ ಇದೆ. ಎಪ್ಪತ್ತರ ದಶಕದಲ್ಲಿ ಮದರಾಸಿನ ಬರ್ಮಾ ಬಜಾರಿನಲ್ಲಿ ಒಬ್ಬ 'ಪ್ಯೂರ್ ಜರ್ಮನ್ ಸಾರ್' ಅಂತ ಪ್ರಮಾಣ ಮಾಡಿ ಇದನ್ನ ಕೊಟ್ಟ. ಮನೆಗೆ ಬಂದು ಕನ್ನಡಕ ಹಾಕಿ ನೋಡಿದರೆ ಮೈಮೇಲೆ ಸಿಂಗಪುರ ಅಂತ ಕೆತ್ತಿದೆ! ಅವತ್ತಿಂದ ನಮ್ಮನೆಯವಳು ಯಾವ ನಕಲಿ ಸಾಮಾನು ಕಂಡರೂ 'ನಿಮ್ಮ ಜರ್ಮನ್ ಕ್ಯಾಮೆರಾ' ಅಂತಾಳೆ."

ಕೈಗೆ ತೆಗೆದುಕೊಂಡು ನೋಡಿದೆ. ರೋಲೈ ಎಸ್‌ಎಲ್ 35. ಮುಂದೆ 50 ಮಿಲಿಮೀಟರಿನ ಪ್ಲಾನರ್ ಲೆನ್ಸು. ಅಸಲಿ ಮಾಲು.

"ರಾಯರೇ, ಅತ್ತಿಗೆಗೆ ಇವತ್ತೇ ಫೋನ್ ಮಾಡಿ ಹೇಳಿ. ಬರ್ಮಾ ಬಜಾರಿನವನು ನಿಮಗೆ ಮೋಸ ಮಾಡಿಲ್ಲ."

"ರೀಲು ಬಿಡಬೇಡಿ. ಜರ್ಮನಿ ಎಲ್ಲಿ, ಸಿಂಗಪುರ ಎಲ್ಲಿ?"

ರೀಲು ಬಿಡುವ ಅಗತ್ಯವೇ ಇರಲಿಲ್ಲ. ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ 1920ರಲ್ಲಿ ಶುರುವಾದ ಕಂಪನಿ ಇದು. 1929ರಲ್ಲಿ ಎರಡು ಕಣ್ಣಿನ ರೋಲೈಫ್ಲೆಕ್ಸ್ ತಂದು ಜಗತ್ತಿನ ಸ್ಟುಡಿಯೋಗಳನ್ನು ಗೆದ್ದಿತು. 1960ರ ದಶಕದ ಕೊನೆಗೆ ಜಪಾನಿನವರು ಸಿಂಗಲ್ ಲೆನ್ಸ್ ರಿಫ್ಲೆಕ್ಸ್ ಕ್ಯಾಮೆರಾಗಳನ್ನು ಕಡಿಮೆ ಬೆಲೆಗೆ ಸುರಿಯತೊಡಗಿದಾಗ ಜರ್ಮನಿಯ ಕೂಲಿಯಲ್ಲಿ ಅವರ ಜೊತೆ ಪೈಪೋಟಿ ಸಾಧ್ಯವಿಲ್ಲ ಎಂಬುದು ಕಂಪನಿಗೆ ಅರ್ಥವಾಯಿತು. ಅದೇ ಹೊತ್ತಿಗೆ ಬ್ರಿಟಿಷ್ ಸೇನೆ ಸಿಂಗಪುರದಿಂದ ಗಂಟುಮೂಟೆ ಕಟ್ಟುತ್ತಿತ್ತು. ಅದನ್ನೇ ನಂಬಿಕೊಂಡಿದ್ದ ಸಾವಿರಾರು ಜನಕ್ಕೆ ಕೆಲಸ ಬೇಕಿತ್ತು. ಕಂಪನಿಗೆ ಕೂಲಿ ಕಡಿಮೆ ಆಗಬೇಕು, ಸಿಂಗಪುರಕ್ಕೆ ಕಾರ್ಖಾನೆ ಬೇಕು. ಸಂಬಂಧ ಕುದುರಿತು. 1970ರ ದಶಕದ ಆರಂಭದಿಂದ ರೋಲೈ ಕ್ಯಾಮೆರಾಗಳು ಇಲ್ಲಿ ತಯಾರಾದವು. ಎಸ್‌ಎಲ್ 35 ಕೂಡ 1970ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಆಮೇಲೆ ಇಲ್ಲಿಗೆ ಬಂದದ್ದು. ಲೆನ್ಸನ್ನೂ ಝೈಸ್ ಕಂಪನಿಯ ಪರವಾನಗಿ ಪಡೆದು ರೋಲೈ ತಾನೇ ಮಾಡುತ್ತಿತ್ತು.

"ಕೆಲಸ ಬರಬೇಕಲ್ಲಾ? ಹಳ್ಳಿ ಹುಡುಗ ಹುಡುಗಿಯರು ಲೆನ್ಸು ಉಜ್ಜೋಕೆ ಆಗುತ್ತಾ?" ರಾಯರದು ಆಡಿಟ್ ಧ್ವನಿ.

ಅದಕ್ಕೂ ಸರ್ಕಾರ ದಾರಿ ಹುಡುಕಿತ್ತು. ಆರ್ಥಿಕ ಅಭಿವೃದ್ಧಿ ಮಂಡಳಿ ಕಂಪನಿಗಳ ಜೊತೆ ಸೇರಿ ತರಬೇತಿ ಕೇಂದ್ರಗಳನ್ನು ತೆರೆಯಿತು. ಮೊದಲನೆಯದು 1972ರಲ್ಲಿ ನಮ್ಮ ಟಾಟಾದವರ ಜೊತೆ. ಎರಡನೆಯದು 1973ರಲ್ಲಿ ರೋಲೈ ಜೊತೆ. ಟಾಟಾ ಹೆಸರು ಕಿವಿಗೆ ಬಿದ್ದ ಕೂಡಲೇ ರಾಯರ ಅನುಮಾನ ಅರ್ಧ ಇಳಿಯಿತು. ಆ ಕಾಲಕ್ಕೆ ಈ ಹೌಗಾಂಗ್ ಹಂದಿ ಸಾಕಣೆ, ತರಕಾರಿ ತೋಟಗಳ ಹಳ್ಳಿಗಾಡು. ನಾವು ಕೂತಿರುವ ಕಟ್ಟಡಕ್ಕಿಂತ ರಾಯರ ಕ್ಯಾಮೆರಾ ಹಳೆಯದು.

"ಹಂಗಿದ್ರೆ ಈಗ ಆ ಫ್ಯಾಕ್ಟರಿ ಎಲ್ಲಿ? ತೋರಿಸಿ ನೋಡೋಣ."

ಇಲ್ಲ. ಸಾಲ ಬೆಳೆಯಿತು, ಮಾಡೆಲ್ಲುಗಳು ಬೇಕಾದ್ದಕ್ಕಿಂತ ಹೆಚ್ಚಾದವು, ಜಪಾನಿನವರು ಬಿಡಲಿಲ್ಲ. 1981ರಲ್ಲಿ ಕಂಪನಿ ದಿವಾಳಿಯಾಯಿತು, ಇಲ್ಲಿಯ ಕಾರ್ಖಾನೆಯೂ ಮುಚ್ಚಿತು. ಆದರೆ ಕೆಲಸ ಕಲಿತ ಕೈಗಳು ಇಲ್ಲೇ ಉಳಿದವು. ಊರು ಬಿಟ್ಟು ಊರಿಗೆ ಹೋದದ್ದು ರೋಲೈ ಒಂದೇ ಅಲ್ಲ. ಲೈಕಾದಂಥ ಲೈಕಾ 1973ರಲ್ಲಿ ಪೋರ್ಚುಗಲ್ಲಿನಲ್ಲಿ ಕಾರ್ಖಾನೆ ತೆರೆಯಿತು. 1976ರಿಂದ 1997ರವರೆಗೆ ಮಾರಾಟವಾದ ಪೆಂಟಾಕ್ಸ್ ಕೆ1000 ಜಪಾನಿನಲ್ಲಿ ಶುರುವಾಗಿ, ಹಾಂಗ್‌ಕಾಂಗಿಗೆ ಹೋಗಿ, ಕೊನೆಗೆ ಚೀನಾದಲ್ಲಿ ತಯಾರಾಯಿತು. ಫೋಟೋ ನೋಡಿ ಯಾವ ಊರಿನ ಕ್ಯಾಮೆರಾ ಎಂದು ಹೇಳಿದವರನ್ನು ನಾನಂತೂ ಕಂಡಿಲ್ಲ.

"ಆಯ್ತಪ್ಪ, ಅಸಲಿ ಅಂತ ಒಪ್ಪಿದೆ. ಈಗ ಓಡುತ್ತೋ ಇಲ್ಲವೋ ನೋಡಿ. ನನಗೂ ಮರೆತುಹೋಗಿದೆ."

ಮರೆತರೂ ಮತ್ತೆ ಕಲಿಯುವುದು ಕಷ್ಟವಲ್ಲ. ಈ ಜಾತಿಯ ಕ್ಯಾಮೆರಾ ನಮ್ಮನ್ನು ಕೇಳುವುದು ಮೂರೇ ಪ್ರಶ್ನೆ: ಎಷ್ಟು ದೂರ, ಎಷ್ಟು ದೊಡ್ಡ ಕಿಂಡಿ, ಎಷ್ಟು ಹೊತ್ತು. ಫೋನು ಮೂರನ್ನೂ ನಮ್ಮನ್ನು ಕೇಳದೆ ತಾನೇ ಮುಗಿಸುತ್ತದೆ. ಇದು ನಾವು ಹೇಳುವವರೆಗೆ ಕಾಯುತ್ತದೆ, ತಪ್ಪು ಹೇಳಿದರೆ ತಪ್ಪನ್ನೇ ತೆಗೆಯುತ್ತದೆ.

ದೂರದ ಲೆಕ್ಕಕ್ಕೆ ಲೆನ್ಸಿನ ಮುಂದಿನ ಬಳೆ ತಿರುಗಿಸಬೇಕು. ಲೆನ್ಸಿನೊಳಗೆ ಬಂದ ಬೆಳಕು 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಗೆ ಬಡಿದು ಮೇಲಿನ ಗಾಜಿನ ಪರದೆಗೆ ಹೋಗುತ್ತದೆ. ಅಲ್ಲಿ ಬಿದ್ದ ಚಿತ್ರದಲ್ಲಿ ಎಡ ಬಲ ಅದಲುಬದಲು. ಕ್ಯಾಮೆರಾದ ನೆತ್ತಿಯ ಮೇಲೆ ಉಬ್ಬಿದೆಯಲ್ಲ, ಅದರೊಳಗಿನ ಪೆಂಟಾಪ್ರಿಸಂ ಅದನ್ನು ಸರಿಮಾಡಿ ಕಣ್ಣಿಗೆ ಕೊಡುತ್ತದೆ. ಹಾಗಾಗಿ ಲೆನ್ಸು ಕಂಡದ್ದನ್ನೇ ನಾವೂ ಕಾಣುತ್ತೇವೆ. ರಾಯರು ಎದುರು ಬ್ಲಾಕಿನ ಬಿದಿರುಗಳದ ಮೇಲೆ ಒಣಗುತ್ತಿದ್ದ ಚೀನೀ ಅಜ್ಜಿಯ ಹೂವಿನ ಅಂಗಿಗೆ ಫೋಕಸ್ ಮಾಡಿದರು. ಮಸುಕಾಗಿದ್ದ ಹೂವು ಚೂಪಾಗಿ ನಿಂತಿತು. ಮತ್ತೂ ತಿರುಗಿಸಿದರು, ಮಸುಕಾಯಿತು. ಹಿಂದಕ್ಕೆ ಬಂದರು. ದಾಟಿ ಹೋಗಿ ವಾಪಸ್ ಬರುವುದೇ ಸರಿಯಾದ ಕ್ರಮ. ದಾಟದೆ ಗಡಿ ಗೊತ್ತಾಗುವುದಿಲ್ಲ.

ಕಿಂಡಿಯ ಬಳೆಯ ಮೇಲೆ 2.8, 4, 5.6, 8, 11, 16 ಎಂಬ ಅಂಕಿಗಳು. ಅಂಕಿ ಏರಿದಂತೆ ಕಿಂಡಿ ಕಿರಿದಾಗುತ್ತದೆ, ಪ್ರತಿ ಮೆಟ್ಟಿಲಿಗೂ ಬೆಳಕು ಅರ್ಧ. ಶಟರಿನ ಚಕ್ರದ ಮೇಲೆ 60, 125, 250, 500, 1000. ಅವು ಸೆಕೆಂಡಿನ ಭಾಗಗಳು. ಅಲ್ಲೂ ಮೆಟ್ಟಿಲಿಗೆ ಅರ್ಧ.

"ಅಂದರೆ ಡಬಲ್ ಎಂಟ್ರಿ ಲೆಡ್ಜರಿನ ಹಾಗೆ. ಈ ಕಡೆ ಒಂದು ಮೆಟ್ಟಿಲು ಕಳೆದರೆ ಆ ಕಡೆ ಒಂದು ಮೆಟ್ಟಿಲು ಕೂಡಬೇಕು, ಟ್ಯಾಲಿ ಆಗುತ್ತೆ" ಎಂದರು ರಾಯರು. ಫೋಟೋಗ್ರಫಿ ಪುಸ್ತಕಗಳು ಹತ್ತು ಪುಟ ಹೇಳುವುದನ್ನು ಬ್ಯಾಂಕಿನವರು ಒಂದು ಸಾಲಿನಲ್ಲಿ ಮುಗಿಸಿದರು. ಟ್ಯಾಲಿ ಆದರೂ ಚಿತ್ರ ಒಂದೇ ಆಗುವುದಿಲ್ಲ ಎಂಬುದಷ್ಟನ್ನೇ ನಾನು ಸೇರಿಸಿದೆ. ದೊಡ್ಡ ಕಿಂಡಿಯಾದರೆ ಮೊಮ್ಮಗಳ ಮುಖ ಮಾತ್ರ ಸ್ಪಷ್ಟ, ಹಿಂದಿನ ಹೌಗಾಂಗ್ ಮಾಲ್ ಮಸುಕು. ಕಿರಿದು ಮಾಡಿದರೆ ಎರಡೂ ಸ್ಪಷ್ಟ. ಆದರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಮೊಮ್ಮಗಳು ಅಷ್ಟು ಹೊತ್ತು ಅಲ್ಲಾಡದೆ ನಿಲ್ಲಬೇಕು. ಯಾವುದು ಬೇಕೆಂದು ತೀರ್ಮಾನಿಸುವುದು ಅಜ್ಜನ ಕೆಲಸ.

ಇನ್ನು ಬೆಳಕಿನ ಮೀಟರು. ಎಸ್‌ಎಲ್ 35ರಲ್ಲಿ ಕಿಂಡಿಯನ್ನು ನಿಜವಾಗಿಯೂ ಕಿರಿದು ಮಾಡಿಕೊಂಡು, ಕತ್ತಲಾದ ಚಿತ್ರದಲ್ಲಿ ಮುಳ್ಳು ನೋಡಬೇಕು. ರಾಯರ ಕ್ಯಾಮೆರಾದ ಮುಳ್ಳು ಕದಲಲಿಲ್ಲ.

"ಸತ್ತಿದೆ" ಎಂದರು.

ಸತ್ತಿರಲಿಲ್ಲ, ಸೆಲ್ ಇರಲಿಲ್ಲ. ಆ ಕಾಲದ ಪಾದರಸದ ಸೆಲ್ 1.35 ವೋಲ್ಟಿನದು, ಪಾದರಸ ವಿಷವೆಂದು ಈಗ ತಯಾರಿಸುವುದಿಲ್ಲ. ಅದೇ ಅಳತೆಯ ಆಲ್ಕಲೈನ್ ಸೆಲ್ ಹಾಕಿದರೆ 1.5 ವೋಲ್ಟ್ ಬಂದು ಮೀಟರಿನ ಲೆಕ್ಕ ತಪ್ಪುತ್ತದೆ. ಹಳೆ ಕ್ಯಾಮೆರಾದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ: ಕಿವಿಯ ಮೆಷೀನಿಗೆ ಹಾಕುವ 675 ಸೈಜಿನ ಜಿಂಕ್ ಏರ್ ಸೆಲ್. ಅದು 1.4 ವೋಲ್ಟ್, ಹತ್ತಿರ ಹತ್ತಿರ ಸರಿಹೋಗುತ್ತದೆ. ಅಳತೆಯಲ್ಲಿ ಸ್ವಲ್ಪ ಚಿಕ್ಕದು, ಸುತ್ತ ಒಂದು ರಬ್ಬರ್ ಉಂಗುರ ಬೇಕು. ಸ್ಟಿಕ್ಕರ್ ಕಿತ್ತ ಮೇಲೆ ಗಾಳಿ ತಾಗಿ ಕೆಲವು ವಾರಗಳಲ್ಲಿ ಖಾಲಿಯಾಗುತ್ತದೆ.

"ನೀಲಿ ಸ್ಟಿಕ್ಕರಿನದ್ದೇ ತಾನೇ? ನನ್ನ ಕಿವಿಯದು ಕಿತ್ತಳೆ ಬಣ್ಣದ್ದು, ಆಗೋಲ್ಲ" ಎಂದು ರಾಯರು ತಕ್ಷಣ ಹೇಳಿದರು. ಮುಪ್ಪಿನ ಜ್ಞಾನ ಎಲ್ಲಿ ಉಪಯೋಗಕ್ಕೆ ಬರುತ್ತದೋ ಹೇಳಲಾಗದು.

ಸೆಲ್ ಸಿಗದಿದ್ದರೂ ನಷ್ಟವಿಲ್ಲ. ಸೆಲ್ ಬೇಕಾದದ್ದು ಮುಳ್ಳಿಗೆ ಮಾತ್ರ, ಶಟರು ಸ್ಪ್ರಿಂಗಿನ ಬಲದಲ್ಲೇ ಓಡುತ್ತದೆ. ಬೆಳಕಿಗೆ ಹಳೆಯ ಸೂತ್ರವಿದೆ: ಚುರುಕು ಬಿಸಿಲಿನಲ್ಲಿ ಕಿಂಡಿ 16, ಶಟರಿನ ವೇಗ ಫಿಲಂನ ಐಎಸ್‌ಒ ಅಂಕಿಗೆ ಹತ್ತಿರದ್ದು, ಅಂದರೆ ಐಎಸ್‌ಒ 100ಕ್ಕೆ 125. ಮೋಡ ಕವಿದರೆ 8, ದಟ್ಟ ನೆರಳಿಗೆ 4. ಸಿಂಗಪುರ ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವುದರಿಂದ ಇಲ್ಲಿ ಜನವರಿಯ ನಡುಮಧ್ಯಾಹ್ನಕ್ಕೂ ಜೂನಿನದಕ್ಕೂ ಹೆಚ್ಚು ಅಂತರವಿಲ್ಲ. ಮೋಡ ಎಷ್ಟಿದೆ ಎಂದು ತಲೆಯೆತ್ತಿ ನೋಡಿದರೆ ಮುಗಿಯಿತು.

ಬಟನ್ ಒತ್ತಿದಾಗ ಏನಾಗುತ್ತದೆ ಎಂಬುದನ್ನು ರಾಯರು ಹಿಂದೆ ಎಂದೂ ಯೋಚಿಸಿರಲಿಲ್ಲ. ಮೊದಲು ಕಿಂಡಿ ಕಿರಿದಾಗುತ್ತದೆ, ಕನ್ನಡಿ ಮೇಲೇಳುತ್ತದೆ, ಬಟ್ಟೆಯ ಮೊದಲ ಪರದೆ ಸರಿಯುತ್ತದೆ, ಎರಡನೆಯದು ಅದರ ಬೆನ್ನಟ್ಟುತ್ತದೆ, ಕನ್ನಡಿ ಇಳಿಯುತ್ತದೆ. ವೇಗ ಹೆಚ್ಚಿಟ್ಟರೆ ಎರಡು ಪರದೆಗಳ ನಡುವೆ ಉಳಿಯುವುದು ಸಣ್ಣ ಸೀಳು. ಆ ಸೀಳು ಓಡುತ್ತಾ ಫಿಲಂ ಮೇಲೆ ಬೆಳಕು ಬಳಿಯುತ್ತದೆ. ಕನ್ನಡಿ ಮೇಲೆದ್ದ ಕ್ಷಣದಲ್ಲಿ ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ.

"ಅಂದರೆ ಯಾವ ಗಳಿಗೆಯ ಫೋಟೋ ತೆಗೆದೆನೋ ಆ ಗಳಿಗೆಯನ್ನ ನಾನು ನೋಡಿಯೇ ಇಲ್ಲ?"

"ಇಲ್ಲ. ಕಂಡಿದ್ದರೆ ಆ ಫೋಟೋ ತಪ್ಪಿಹೋಯಿತು ಎಂದೇ ಲೆಕ್ಕ."

ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಷಡ್ಡಕನ ಕತೆ ತೆಗೆದರು. ಸಾಗರದಲ್ಲಿ ಮದುವೆ, ಷಡ್ಡಕರು ಧಾರೆಯಿಂದ ಭೂಮದೂಟದವರೆಗೆ ಒಂದೇ ಸಮನೆ ಕ್ಲಿಕ್ಕಿಸಿದರು. 36 ಮುಗಿಯಿತು, 40 ಆಯಿತು, ರೀಲು ಮುಗಿಯುತ್ತಲೇ ಇಲ್ಲ. ಅಕ್ಷಯ ಪಾತ್ರೆಯೇ ಕೈಗೆ ಬಂತೆಂದು ಅವರಿಗೆ ಖುಷಿ. ತೊಳೆಸಲು ಕೊಟ್ಟರೆ ಫಿಲಂ ಬೋಳು. ರೀಲಿನ ತುದಿ ಸುರುಳಿಗೆ ಸಿಕ್ಕೇ ಇರಲಿಲ್ಲ. ಇದನ್ನು ತಪ್ಪಿಸಲು ಕಾಸು ಖರ್ಚಿಲ್ಲದ ಪರೀಕ್ಷೆಯಿದೆ: ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿಯೂ ತಿರುಗುತ್ತಿದೆಯೇ ನೋಡುವುದು. ತಿರುಗದಿದ್ದರೆ ಫಿಲಂ ನಡೆಯುತ್ತಿಲ್ಲ. ಹಾಗೆಯೇ ಕೊನೆಯಲ್ಲಿ ತಳದ ಬಟನ್ ಒತ್ತಿ ಫಿಲಂ ಪೂರ್ತಿ ಹಿಂದಕ್ಕೆ ಸುತ್ತುವ ಮೊದಲು ಬಾಗಿಲು ತೆಗೆಯಬಾರದು.

"ಇಲ್ಲಿ ಫಿಲಂ ತೊಳೆಯೋರು ಇದಾರಾ?"

ಇದ್ದಾರೆ. ಹೌಗಾಂಗಿನಲ್ಲಿ ನೇರಳೆ ಬಣ್ಣದ ರೈಲು ಹತ್ತಿ, ಧೋಬಿ ಘಾಟಿನಲ್ಲಿ ಕೆಂಪು ಲೈನಿಗೆ ಬದಲಿಸಿದರೆ ಮುಂದಿನದೇ ಸಿಟಿ ಹಾಲ್. ಅಲ್ಲಿಂದ ನಡೆದರೆ ಕೋಲ್ಮನ್ ಬೀದಿಯ ಪೆನಿನ್ಸುಲಾ ಶಾಪಿಂಗ್ ಸೆಂಟರು. ಹಳೆ ಕ್ಯಾಮೆರಾ ಅಂಗಡಿಗಳಿಗೆ ಹೆಸರಾದ ಜಾಗ.

"ಧೋಬಿ ಘಾಟಿನಲ್ಲೇ ತೊಳೆಸಬಹುದಿತ್ತಲ್ಲ!" ಎಂದು ರಾಯರು ತಮ್ಮ ಜೋಕಿಗೆ ತಾವೇ ನಕ್ಕರು. ಖರ್ಚು ಕೇಳಿ ನಗು ನಿಂತಿತು. ಒಂದು ಕಲರ್ ರೀಲು, ತೊಳೆಸಿ ಸ್ಕ್ಯಾನ್ ಮಾಡಿಸಿದ್ದು ಎಲ್ಲಾ ಸೇರಿದರೆ ಹಾಕರ್ ಸೆಂಟರಿನಲ್ಲಿ ಐದಾರು ಊಟದ ದುಡ್ಡು. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ 'ಇಂದು' ಕಪ್ಪು ಬಿಳುಪು ಫಿಲಂ ಕಾಲದವರಿಗೆ ಇದು ಹಗಲು ದರೋಡೆ.

ಈಗ ನನ್ನ ತೀರ್ಪು. ಫಿಲಂ ಕ್ಯಾಮೆರಾ ಹಿಡಿದರೆ ಮನಸ್ಸು ಶಾಂತವಾಗುತ್ತದೆ, ಕಲೆ ತಾನೇ ಅರಳುತ್ತದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಫಿಲಂ ಕಾಲದಲ್ಲಿ ತೆಗೆದ ಕೆಟ್ಟ ಫೋಟೋಗಳು ನಮ್ಮೆಲ್ಲರ ಮನೆಯ ಆಲ್ಬಮ್ಮಿನಲ್ಲಿವೆ, ತಲೆ ಕತ್ತರಿಸಿದ ಚಿಕ್ಕಪ್ಪಂದಿರ ಸಮೇತ. ಈ ಯಂತ್ರದ ಗುಣ ಬೇರೆ: ಅದರೊಳಗೆ ಏನು ನಡೆಯುತ್ತದೆ ಎಂಬುದು ಒಂದು ಸಂಜೆಯ ಹರಟೆಯಲ್ಲಿ ಬ್ಯಾಂಕಿನವರಿಗೂ ಅರ್ಥವಾಗುತ್ತದೆ. ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕಬಹುದು.

ಆದ್ದರಿಂದ ನಿಮ್ಮ ಅಟ್ಟದ ಮೇಲೆ ಇಂಥದ್ದೊಂದಿದ್ದರೆ, ಅಥವಾ ಕೊಳ್ಳುವ ಆಸೆಯಿದ್ದರೆ, ಊರಿನ ಹೆಸರು ಓದಬೇಡಿ; ಹಿಂಬಾಗಿಲು ತೆಗೆಯಿರಿ. ಲೆನ್ಸಿನ ಮೂಲಕ ಬೆಳಕಿನ ಕಡೆ ನೋಡುತ್ತಾ ಎಲ್ಲ ವೇಗಗಳಲ್ಲೂ ಶಟರ್ ಒತ್ತಿ. 1 ಸೆಕೆಂಡಿಗೆ ಇಟ್ಟದ್ದು ತೆವಳಿದರೆ ಒಳಗಿನ ಗ್ರೀಸ್ ಒಣಗಿದೆ. ಟಾರ್ಚ್ ಹಿಡಿದು ಲೆನ್ಸಿನೊಳಗೆ ಬೂಷ್ಟಿನ ಬಲೆ ಇದೆಯೇ ನೋಡಿ. ಮಲೆನಾಡಿನ ಮಳೆಗೂ ಸಿಂಗಪುರದ ತೇವಕ್ಕೂ ಆ ಬೂಷ್ಟು ಒಂದೇ, ಡ್ರೈ ಕ್ಯಾಬಿನೆಟ್ಟಿನಲ್ಲಿ ಶೇಕಡಾ 40ರಿಂದ 50ರ ತೇವದಲ್ಲಿಟ್ಟರೆ ಬೆಳೆಯುವುದಿಲ್ಲ. ಬಾಗಿಲಿನ ಅಂಚಿನ ಸ್ಪಂಜು ಅಂಟಂಟಾಗಿದ್ದರೆ ಬದಲಿಸಿ, ಅದು ಅಗ್ಗ. ಊರಿಗೆ ಹೊರಟಾಗ ರೀಲನ್ನು ಕೈಯಲ್ಲಿ ತೆಗೆದು ತೋರಿಸಿ ತಪಾಸಣೆ ಮಾಡಿಸಿ. ವಿಮಾನ ನಿಲ್ದಾಣಗಳ ಹೊಸ ಸಿಟಿ ಸ್ಕ್ಯಾನರ್ ಫಿಲಂ ಹಾಳುಮಾಡುತ್ತದೆ. ಇಷ್ಟೂ ಸರಿಯಿದ್ದರೆ ಒಂದೇ ಒಂದು ರೀಲು ಹಾಕಿ. 36ರಲ್ಲಿ ಹತ್ತು ಚೆನ್ನಾಗಿ ಬಂದರೆ ಇಟ್ಟುಕೊಳ್ಳಿ. ಬರದಿದ್ದರೆ ಕ್ಯಾಮೆರಾವನ್ನು ಬಯ್ಯುವ ಮೊದಲು ಇನ್ನೊಂದು ರೀಲು ಹಾಕಿ ನೋಡಿ.