ಒಂದು ಪೆಗ್ ಹಾಕಿದರೆ ಕೆಲಸ ಓಡ್ತದಾ?

ನೀವು ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ ಅಣ್ಣ. ಊರಲ್ಲಿ ಒಂದು ಕ್ವಾರ್ಟರ್ ಹಾಕಿಯೇ ಮರ ಹತ್ತುವವರು, ಲೋಡು ಇಳಿಸುವವರು ಇದ್ದರು, ಕೆಲಸ ಓಡ್ತಿತ್ತು ಅಂತೀರಿ. ಕೆಲಸ ಓಡ್ತಿತ್ತಾ, ಇಲ್ಲ ಸುಸ್ತು ಗೊತ್ತಾಗ್ತಿರಲಿಲ್ಲವಾ? ಎರಡೂ ಬೇರೆ ಬೇರೆ ಮಾರಾಯ್ರೆ. ಸಾಕು, ಕೂತ್ಕೋ ಅಂತ ಮೈ ಹೇಳುವುದನ್ನೇ ನಾವು ಸುಸ್ತು ಅನ್ನುವುದು. ಕುಡಿದರೆ ಆ ಮಾತು ಕೇಳಿಸುವುದಿಲ್ಲ, ಅಷ್ಟೇ.

ತಲೆಯ ಕೆಲಸಕ್ಕೆ ಸ್ವಲ್ಪ ಒಳ್ಳೆಯದು ಅನ್ನುವವರೂ ಇದ್ದಾರೆ. 2012ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಕೆಲವು ಯುವಕರಿಗೆ ವೋಡ್ಕಾ ಕುಡಿಸಿ ಪದಗಳ ಒಗಟು ಕೊಟ್ಟರು. ಕುಡಿದವರೇ ಹೆಚ್ಚು ಒಗಟು ಬಿಡಿಸಿದರು, ಬೇಗವೂ ಬಿಡಿಸಿದರು. ಇದು ನಿಜ. ಆದರೆ ಅದೇ ಪರೀಕ್ಷೆಯಲ್ಲಿ ಅವರ ಏಕಾಗ್ರತೆ, ತಕ್ಷಣದ ನೆನಪು ಕುಗ್ಗಿತ್ತು. ಕುರ್ಚಿಯಲ್ಲಿ ಕೂತು ಒಗಟು ಬಿಡಿಸುವವನಿಗೆ ಅದರಿಂದ ನಷ್ಟವಿಲ್ಲ. ಸಾರುವೆ ಮೇಲೆ ನಿಂತವನಿಗೆ, ಕ್ರೇನ್ ನಡೆಸುವವನಿಗೆ ಬೇಕಾದದ್ದೇ ಆ ಏಕಾಗ್ರತೆ. ಬ್ರಿಟಿಷ್ ನೌಕಾಪಡೆಯವರು ನಾವಿಕರಿಗೆ ದಿನಾ ರಮ್ ಕೊಡ್ತಿದ್ದರಲ್ಲ, ಅದನ್ನು 1970ರ ಜುಲೈ 31ಕ್ಕೆ ನಿಲ್ಲಿಸಿದ್ದೂ ಹಡಗಿನಲ್ಲಿ ಸೂಕ್ಷ್ಮ ಯಂತ್ರಗಳು ಬಂದ ಮೇಲೆ.

ಮತ್ತೆ ಇಲ್ಲಿ ಕುವೈತಿನ ಬಿಸಿಲು! ಮಿತ್ರಿಬಾದಲ್ಲಿ 2016ರ ಜುಲೈಯಲ್ಲಿ ಸುಮಾರು 54 ಡಿಗ್ರಿ ದಾಖಲಾಗಿದೆ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಸರ್ಕಾರವೇ ನಿಯಮ ಮಾಡಿದೆ. ಕುಡಿದರೆ ಮೂತ್ರ ಜಾಸ್ತಿ ಹೋಗಿ ಮೈಯ ನೀರು ಇಳಿಯುತ್ತದೆ. ರಾತ್ರಿ ಕುಡಿದು ಮಲಗಿದವನಿಗೆ ನಿದ್ದೆಯೂ ಸರಿಯಾಗಿ ಆಗುವುದಿಲ್ಲ. ಬೆಳಗ್ಗೆ ಬಸ್ಸು ಹತ್ತುವಾಗಲೇ ಅವನು ಅರ್ಧ ಸೋತಿರುತ್ತಾನೆ.

ಇದೆಲ್ಲ ಅಂಗಡಿಯ ಸೀಲ್ ಇದ್ದ ಬಾಟಲಿಯ ಮಾತಾಯಿತು. ಇಲ್ಲಿ ಅದೆಲ್ಲಿ ಸಿಗ್ತದೆ? ಕುವೈತಿನಲ್ಲಿ 1964ರಿಂದ ಮದ್ಯದ ಆಮದೇ ನಿಷೇಧ. ಸಿಗುವುದು ಯಾರೋ ಯಾವುದೋ ಫ್ಲ್ಯಾಟಿನಲ್ಲಿ ಕಾಯಿಸಿದ್ದು. 2025ರ ಆಗಸ್ಟ್‌ನಲ್ಲಿ ಅದರಲ್ಲೇ ಮೆಥನಾಲ್ ಸೇರಿತ್ತು. ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಾಗ 160 ಜನಕ್ಕೆ ವಿಷವೇರಿತ್ತು, 23 ಜನ ಸತ್ತಿದ್ದರು, ಎಷ್ಟೋ ಜನರ ಕಣ್ಣು ಹೋಗಿತ್ತು. ಹೆಚ್ಚಿನವರು ಏಷ್ಯಾದ ಕೂಲಿಯಾಳುಗಳು. ಆಸ್ಪತ್ರೆ ಸೇರಿದವರಲ್ಲಿ ಸುಮಾರು 40 ಭಾರತೀಯರು ಇದ್ದರು ಅಂತ ರಾಯಭಾರ ಕಚೇರಿ ಹೇಳಿತ್ತು. ಆ ವಾರ ಓದಿದ್ದು ಈಗಲೂ ನನ್ನನ್ನು ಬಿಡುವುದಿಲ್ಲ. ಸಾಲ ತೀರಿಸಲಿಕ್ಕೆ ಬಂದ ಹುಡುಗರು ಅಣ್ಣ, ಕಣ್ಣು ಕಳೆದುಕೊಂಡು ಊರಿಗೆ ಹೋಗುವುದೆಂದರೆ ಏನು ಹೇಳಿ! ನಮ್ಮ ಬೆಂಗಳೂರಿನಲ್ಲೇ 1981ರಲ್ಲಿ ಕಳ್ಳಭಟ್ಟಿಗೆ 300ಕ್ಕೂ ಹೆಚ್ಚು ಜನ ಹೋದರಲ್ಲ, ಅಲ್ಲಿಯೂ ಸತ್ತವರು ಬಡವರೇ.

ಮೆಥನಾಲ್ ಕುಡಿಯುವಾಗ ಗೊತ್ತೇ ಆಗುವುದಿಲ್ಲ. ರುಚಿ ಹೆಚ್ಚುಕಡಿಮೆ ಅದೇ, ಅಮಲೂ ಅದೇ. ಅದು ಪಿತ್ತಜನಕಾಂಗದಲ್ಲಿ ನಿಧಾನಕ್ಕೆ ಫಾರ್ಮಿಕ್ ಆಮ್ಲವಾಗುತ್ತದೆ. ಚಗಳಿ ಕಚ್ಚಿದರೆ ಉರಿ ಬರ್ತದಲ್ಲ, ಅದೇ ಆಮ್ಲ. ಅದು ಕಣ್ಣಿನ ನರವನ್ನೇ ಹಿಡಿಯುತ್ತದೆ. ರಾತ್ರಿ ಕುಡಿದವನಿಗೆ ಮರುದಿನ ತಲೆನೋವು, ವಾಂತಿ, ಹೊಟ್ಟೆನೋವು. ನಿನ್ನೆಯದು ಇನ್ನೂ ಇಳಿದಿಲ್ಲ ಅಂತ ಹೊದ್ದು ಮಲಗ್ತಾನೆ. ಅಷ್ಟರಲ್ಲಿ ಕಣ್ಣು ಮಂಜಾಗಿರುತ್ತದೆ. ಸಿಕ್ಕಿಬಿದ್ದರೆ ಗಡೀಪಾರು ಮಾಡ್ತಾರೆ ಎಂಬ ಹೆದರಿಕೆ ಬೇರೆ. ಆ ಹೆದರಿಕೆಯಲ್ಲಿ ಕಳೆಯುವ ಗಂಟೆಗಳೇ ಪ್ರಾಣ ತೆಗೆಯುವುದು. ಬೇಗ ಹೋದರೆ ಮದ್ದುಂಟು, ಡಯಾಲಿಸಿಸ್ ಉಂಟು.

ನಿಮ್ಮ ಕ್ಯಾಂಪಿನ ಹುಡುಗರು ಬೈದರೆ ಕೇಳುವುದಿಲ್ಲ, ನನಗೂ ಗೊತ್ತು. ದಿನವಿಡೀ ದುಡಿದು ಬಂದು ಒಂದೇ ರೂಮಿನಲ್ಲಿ ಅಷ್ಟು ಜನ, ಮನೆಯವರು ಫೋನಿನಲ್ಲಿ ಮಾತ್ರ. ಬೇಸರ ಬರದೆ ಏನು? ಶುಕ್ರವಾರ ಅವರನ್ನು ಇಲ್ಲಿಗೆ ಕರ್ಕೊಂಡು ಬನ್ನಿ, ಕುಚ್ಚಲಕ್ಕಿ ಗಂಜಿ, ಮೀನು ಸಾರು ಮಾಡುವ. ಹಾಗೇ ಒಂದು ಮಾತು ಹೇಳಿಡಿ. ಕುಡಿದ ಮರುದಿನ ಯಾರಿಗಾದರೂ ಕಣ್ಣೆದುರು ಮಂಜು ಕಂಡರೆ ಯಾರ ಒಪ್ಪಿಗೆಗೂ ಕಾಯದೆ 112ಕ್ಕೆ ಫೋನ್ ಮಾಡಬೇಕು, ಕುಡಿದದ್ದನ್ನು ಡಾಕ್ಟರಿಗೆ ಮುಚ್ಚಿಡಬಾರದು. ಅದೇ ಬಾಟಲಿಯಿಂದ ಇನ್ನೂ ಯಾರು ಕುಡಿದಿದ್ದಾರೋ ಅವರು ಗಟ್ಟಿಯಾಗಿ ಕಂಡರೂ ಜೊತೆಗೇ ಕರ್ಕೊಂಡು ಹೋಗಬೇಕು.